ಮನೆಪಾಠದ ಮೇಷ್ಟ್ರ ಪರಿಚಯ: ಪದವಿಯ ಆಚೆಗೆ ನೋಡಬೇಕಾದದ್ದೇನು?

ಶಾಲೆಗಳು ಪುನರಾರಂಭಗೊಳ್ಳುವ ಕಾಲ ಸಮೀಪಿಸುತ್ತಿದ್ದಂತೆ ರಾಜ್ಯದ ನಗರ, ಪಟ್ಟಣಗಳ ವಿದ್ಯುತ್ ಕಂಬಗಳಲ್ಲಿ, ದಿನಸಿ ಅಂಗಡಿ ಮತ್ತು ಜೆರಾಕ್ಸ್ ಅಂಗಡಿಗಳ ಗೋಡೆಗಳಲ್ಲಿ ಒಂದೇ ಬಗೆಯ ಚೀಟಿಗಳು ಕಾಣಿಸಿಕೊಳ್ಳುತ್ತವೆ. ‘ಮನೆಪಾಠ ಹೇಳಿಕೊಡಲಾಗುವುದು. ಎಂ.ಎಸ್ಸಿ., ಬಿ.ಇಡಿ., 15 ವರ್ಷಗಳ ಅನುಭವ, ಶೇ 100 ಫಲಿತಾಂಶ, ವೈಯಕ್ತಿಕ ಗಮನ’ ಎಂಬ ನಾಲ್ಕೈದು ಮಾತುಗಳು, ಕೆಳಗೊಂದು ಮೊಬೈಲ್ ಸಂಖ್ಯೆ. ಅಂತರ್ಜಾಲ ತಾಣಗಳಲ್ಲಿ ತಮ್ಮನ್ನು ಪರಿಚಯಿಸಿಕೊಳ್ಳುವ ಬೋಧಕರು ಬಳಸುವುದೂ ಬಹುಮಟ್ಟಿಗೆ ಇವೇ ಮಾತುಗಳನ್ನು.

ಈ ಪರಿಚಯವನ್ನು ಓದಿ ತಂದೆ ತಾಯಿ ಕೈಗೊಳ್ಳುವ ನಿರ್ಧಾರ ಚಿಕ್ಕದಲ್ಲ. ಸಂಸಾರದ ತಿಂಗಳ ಆದಾಯದ ಒಂದು ಪಾಲು, ಮಗುವಿನ ಆಟ ಹಾಗೂ ವಿಶ್ರಾಂತಿಯ ಹೊತ್ತು, ಎಷ್ಟೋ ವೇಳೆ ಒಂದು ವಿಷಯದ ಬಗ್ಗೆ ಆ ಮಗು ಜೀವನವಿಡೀ ಇಟ್ಟುಕೊಳ್ಳುವ ಪ್ರೀತಿ ಅಥವಾ ಭಯ ಇದನ್ನು ಅವಲಂಬಿಸಿರುತ್ತದೆ. ಆದರೂ ಕಲಿಕೆಗೆ ಅತ್ಯಂತ ಮುಖ್ಯವಾದ ಸಂಗತಿಯೊಂದು ಈ ಪರಿಚಯಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಮಗುವಿಗೆ ಎಲ್ಲಿ ತಿಳಿದಿಲ್ಲ ಎಂಬುದನ್ನು ಈ ಮೇಷ್ಟ್ರು ಹೇಗೆ ಪತ್ತೆ ಹಚ್ಚುತ್ತಾರೆ ಎಂಬುದೇ ಆ ಸಂಗತಿ. ಮನೆಪಾಠದ ಬೋಧಕರ ಹಿನ್ನೆಲೆ, ಬೋಧನಾ ವಿಧಾನ, ಅವರಿಗೆ ಅನ್ವಯಿಸುವ ಕಾನೂನು ಮತ್ತು ಅವರ ಪರಿಚಯವನ್ನು ಅರ್ಥೈಸಿಕೊಳ್ಳುವ ಬಗೆ ಇವುಗಳ ಕುರಿತ ಮಾಹಿತಿ ಇಲ್ಲಿದೆ.

ಎಷ್ಟು ಮಕ್ಕಳು, ಎಷ್ಟು ಹಣ?

ಕೇಂದ್ರ ಸರ್ಕಾರದ ಅಂಕಿಅಂಶ ಸಚಿವಾಲಯವು 2025ರಲ್ಲಿ ನಡೆಸಿದ ಶಿಕ್ಷಣ ಕುರಿತ ಸಮಗ್ರ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಶಾಲಾ ವಿದ್ಯಾರ್ಥಿಗಳಲ್ಲಿ ಶೇ 27ರಷ್ಟು ಮಂದಿ ಆ ಶೈಕ್ಷಣಿಕ ವರ್ಷದಲ್ಲಿ ಖಾಸಗಿ ಪಾಠಕ್ಕೆ ಹೋಗುತ್ತಿದ್ದರು ಅಥವಾ ಹೋಗಿದ್ದರು. ನಗರಗಳಲ್ಲಿ ಈ ಪ್ರಮಾಣ ಶೇ 30.7 ಇದ್ದರೆ ಹಳ್ಳಿಗಳಲ್ಲಿ ಶೇ 25.5. ಮನೆಪಾಠವು ಪೇಟೆಯವರ ಹವ್ಯಾಸ ಎಂಬ ಹಳೆಯ ನಂಬಿಕೆಗೆ ಈಗ ಆಧಾರವಿಲ್ಲ. ವೆಚ್ಚದಲ್ಲಿ ಮಾತ್ರ ಅಂತರ ದೊಡ್ಡದು. ಪ್ರತಿ ವಿದ್ಯಾರ್ಥಿಗೆ ವರ್ಷಕ್ಕೆ ತಗಲುವ ಸರಾಸರಿ ವೆಚ್ಚ ನಗರಗಳಲ್ಲಿ 3,988 ರೂಪಾಯಿ, ಗ್ರಾಮಗಳಲ್ಲಿ 1,793 ರೂಪಾಯಿ. ಪಿಯುಸಿ ಮಟ್ಟಕ್ಕೆ ಬಂದಾಗ ನಗರದ ಸರಾಸರಿ 9,950 ರೂಪಾಯಿಗೆ ಏರುತ್ತದೆ.

ಗ್ರಾಮೀಣ ಮಕ್ಕಳ ಕಲಿಕಾ ಮಟ್ಟವನ್ನು ಅಳೆಯುವ ‘ಅಸರ್’ ವರದಿಯೂ ಇದೇ ದಿಕ್ಕನ್ನು ತೋರಿಸಿದೆ. 1ರಿಂದ 8ನೇ ತರಗತಿಯ ಮಕ್ಕಳಲ್ಲಿ ಹಣ ಕೊಟ್ಟು ಪಾಠಕ್ಕೆ ಹೋಗುವವರ ಪ್ರಮಾಣ 2018ರಲ್ಲಿ ಶೇ 26.4 ಇದ್ದದ್ದು 2022ರಲ್ಲಿ ಶೇ 30.5ಕ್ಕೆ ಏರಿತು. ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ಈ ಪ್ರಮಾಣ ಶೇ 70ನ್ನು ದಾಟಿತ್ತು. ಕರ್ನಾಟಕ ಆ ಮಟ್ಟದಿಂದ ಬಹಳ ದೂರದಲ್ಲಿದೆ. ಆದ್ದರಿಂದಲೇ ಮನೆಪಾಠ ಯಾರಿಗೆ ನಿಜವಾಗಿ ಬೇಕು, ಎಂತಹದ್ದು ಬೇಕು ಎಂದು ಆಲೋಚಿಸಿ ಆರಿಸಿಕೊಳ್ಳುವ ಅವಕಾಶ ನಮ್ಮ ಪೋಷಕರಿಗೆ ಇನ್ನೂ ಉಳಿದಿದೆ.

ಕೂಲಿಮಠದಿಂದ ಆರಂಭವಾದ ಪರಂಪರೆ

ಹಣ ಅಥವಾ ದವಸ ಕೊಟ್ಟು ಮಕ್ಕಳಿಗೆ ಅಕ್ಷರ ಕಲಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಸರ್ಕಾರಿ ಶಾಲೆಗಳು ಹುಟ್ಟುವ ಮೊದಲು ಊರೂರಲ್ಲಿ ಇದ್ದ ‘ಕೂಲಿಮಠ’ಗಳು ಹೆಸರೇ ಹೇಳುವಂತೆ ಕೂಲಿಗೆ ಕಲಿಸುವ ಮಠಗಳು. ಅಲ್ಲಿನ ಅಯ್ಯನವರಿಗೆ ಪೋಷಕರೇ ಸಂಭಾವನೆ ಕೊಡುತ್ತಿದ್ದರು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ಲೆಕ್ಕಪತ್ರ ಬರೆಯುವುದು ಅಲ್ಲಿನ ಮುಖ್ಯ ಪಾಠಗಳಾಗಿದ್ದವು.

ಈ ಶಾಲೆಗಳ ಬಗ್ಗೆ ದೊರೆಯುವ ಅಮೂಲ್ಯ ದಾಖಲೆಗಳಲ್ಲಿ ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದ್ರಾಸ್ ಸರ್ಕಾರಕ್ಕೆ ಸಲ್ಲಿಸಿದ ವರದಿಯೂ ಒಂದು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರೆಂದು ಆತ ಲೆಕ್ಕ ಕೊಟ್ಟಿದ್ದಾನೆ. ಅವುಗಳಲ್ಲಿ ಕನ್ನಡದ ಶಾಲೆಗಳು 235, ತೆಲುಗಿನವು 226. ಒಂದು ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು ಮಾತ್ರ ಇದ್ದುದನ್ನು ಗಮನಿಸಿದರೆ ಅವು ಇಂದಿನ ಮನೆಪಾಠದ ‘ಬ್ಯಾಚ್’ಗಳಿಗೆ ಹತ್ತಿರವಾಗಿದ್ದವು ಎನ್ನಬಹುದು.

ಕ್ಯಾಂಪ್‌ಬೆಲ್ ಒಂದನ್ನು ಹೊಗಳಿದ, ಇನ್ನೊಂದನ್ನು ತೆಗಳಿದ. ಮುಂದುವರಿದ ಮಕ್ಕಳು ಹಿಂದುಳಿದ ಮಕ್ಕಳಿಗೆ ಕಲಿಸುತ್ತ ತಮ್ಮ ತಿಳಿವಳಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಪದ್ಧತಿ ಆತನಿಗೆ ಮೆಚ್ಚುಗೆಯಾಯಿತು. ಆದರೆ ಅರ್ಥ ತಿಳಿಯದೆ ಪದ್ಯಗಳನ್ನು ಬಾಯಿಪಾಠ ಮಾಡಿಸುವ ಕ್ರಮದಿಂದ ಮಕ್ಕಳಿಗೆ ದೊರೆಯುವ ಪ್ರಯೋಜನ ಅತ್ಯಲ್ಪ ಎಂದು ಆತ ಬರೆದ. ಇನ್ನೂರು ವರ್ಷಗಳ ಬಳಿಕವೂ ಮನೆಪಾಠದ ಒಳಿತು ಕೆಡುಕುಗಳ ಚರ್ಚೆ ಈ ಎರಡು ಅಂಶಗಳ ಸುತ್ತಲೇ ನಡೆಯುತ್ತಿರುವುದು ಗಮನಾರ್ಹ.

ಅರಮನೆಯ ಮಕ್ಕಳಿಗೆ ಖಾಸಗಿ ಬೋಧಕರು ಬೇರೆ ರೀತಿಯಲ್ಲಿ ಬಂದರು. ಮೈಸೂರಿನ ಬಾಲ ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಅವರಿಗೆ 1869ರಲ್ಲಿ ಜಿ.ಬಿ. ಮ್ಯಾಲಿಸನ್ ಪಾಲಕರಾಗಿ ನೇಮಕಗೊಂಡರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ 1896ರಲ್ಲಿ ಸ್ಟುವರ್ಟ್ ಫ್ರೇಜರ್ ಬೋಧಕರೂ ಪಾಲಕರೂ ಆದರು.

ಇದೇ ಸಂಸ್ಥಾನದಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನದ ಮನೆಗಳಲ್ಲಿ ಉಂಡು, ಆ ಮನೆಯ ಅಥವಾ ನೆರೆಮನೆಯ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದನ್ನು ಮುಂದುವರಿಸುವ ಪರಿಪಾಠವೂ ಇತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗು ಮೂಲದ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚನ್ನು ನಿಭಾಯಿಸಿದರು. ಆಗ ಅವರ ಬಳಿ ತೋರಿಸಲು ಪದವಿ ಇರಲಿಲ್ಲ, ಅನುಭವದ ವರ್ಷಗಳೂ ಇರಲಿಲ್ಲ. ಇಂದಿನ ಚೀಟಿಯ ಅಳತೆಗೋಲನ್ನು ಹಿಡಿದಿದ್ದರೆ ಆ ಮನೆಯವರು ಅವರನ್ನು ಬಾಗಿಲಿನಿಂದಲೇ ಕಳುಹಿಸಬೇಕಾಗಿತ್ತು.

ಬೋಧಕರ ಹಿನ್ನೆಲೆ: ಐದು ಬಗೆ

ಇಂದು ಮನೆಪಾಠ ಹೇಳುವವರನ್ನು ಅವರ ಹಿನ್ನೆಲೆಯ ಆಧಾರದಲ್ಲಿ ಸ್ಥೂಲವಾಗಿ ಐದು ಗುಂಪುಗಳನ್ನಾಗಿ ವಿಂಗಡಿಸಬಹುದು.

ನಿವೃತ್ತ ಶಿಕ್ಷಕರು: ಪಠ್ಯಕ್ರಮ, ಮೌಲ್ಯಮಾಪನ, ಮಕ್ಕಳ ಸ್ವಭಾವ ಇವೆಲ್ಲದರ ಪರಿಚಯ ಇವರಿಗೆ ಇರುತ್ತದೆ. ಉತ್ತರ ಪತ್ರಿಕೆ ತಿದ್ದಿದ ಅನುಭವ ಇದ್ದರೆ ಎಲ್ಲಿ ಅಂಕ ಹೋಗುತ್ತದೆ ಎಂಬುದು ಕರಗತವಾಗಿರುತ್ತದೆ. ಪಠ್ಯಪುಸ್ತಕ, ಪರೀಕ್ಷಾ ಮಾದರಿ ಬದಲಾದದ್ದನ್ನು ಅವರು ಅನುಸರಿಸುತ್ತಿದ್ದಾರೆಯೇ ಎಂಬುದನ್ನು ಮಾತ್ರ ವಿಚಾರಿಸಬೇಕು.

ಪದವೀಧರ ಗೃಹಿಣಿಯರು: ಪ್ರಾಥಮಿಕ ಹಂತದ ಮಕ್ಕಳಲ್ಲಿ ಬಹಳಷ್ಟು ಮಂದಿ ಕಲಿಯುವುದು ಬೀದಿಯ ಇಂತಹ ‘ಆಂಟಿ’ ಅಥವಾ ‘ಮಿಸ್’ ಬಳಿಯಲ್ಲಿ. ಮನೆಗೆ ಹತ್ತಿರ, ಶುಲ್ಕ ಕಡಿಮೆ, ಮಗುವಿನ ದಿನಚರಿ ಕಣ್ಣೆದುರು ಇರುತ್ತದೆ. ಎಲ್ಲ ತರಗತಿಯ ಎಲ್ಲ ವಿಷಯಗಳನ್ನು ಒಬ್ಬರೇ ನಿರ್ವಹಿಸುವಾಗ ಪಾಠಕ್ಕಿಂತ ಹೋಂವರ್ಕ್ ಮುಗಿಸುವುದೇ ಪ್ರಧಾನವಾಗುವ ಅಪಾಯವಿದೆ.

ಓದುತ್ತಿರುವ ಅಥವಾ ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ತರುಣ ತರುಣಿಯರು: ತಾವು ಇತ್ತೀಚೆಗಷ್ಟೇ ಕಲಿತದ್ದರಿಂದ ಮಗು ಎಲ್ಲಿ ಎಡವುತ್ತದೆ ಎಂಬುದು ಇವರಿಗೆ ಇನ್ನೂ ನೆನಪಿರುತ್ತದೆ. ಉದ್ಯೋಗ ದೊರೆತ ಕೂಡಲೇ ವರ್ಷದ ಮಧ್ಯದಲ್ಲಿ ಬಿಟ್ಟುಹೋಗುವ ಸಂಭವವೂ ಇರುತ್ತದೆ.

ವೃತ್ತಿಯಾಗಿ ಸ್ವೀಕರಿಸಿದ ವಿಜ್ಞಾನ, ಎಂಜಿನಿಯರಿಂಗ್ ಪದವೀಧರರು: ಪಿಯುಸಿ, ಸಿಇಟಿ, ನೀಟ್, ಜೆಇಇ ಪಾಠಗಳಲ್ಲಿ ಇವರದೇ ಪ್ರಾಬಲ್ಯ. ವಿಷಯ ಜ್ಞಾನ ಆಳವಾಗಿರುತ್ತದೆ. ಜಾಣ ಮಕ್ಕಳನ್ನು ಮುಂದಕ್ಕೆ ಒಯ್ಯುವ ಕೌಶಲ ಬೇರೆ, ಹಿಂದುಳಿದ ಮಗುವನ್ನು ಮೇಲೆತ್ತುವ ಕೌಶಲ ಬೇರೆ ಎಂಬುದನ್ನು ಪೋಷಕರು ನೆನಪಿಡಬೇಕು.

ಸೇವೆಯಲ್ಲಿರುವ ಶಾಲಾ ಶಿಕ್ಷಕರು: ಬೇಡಿಕೆ ಹೆಚ್ಚಾಗಿರುವುದು ಇವರಿಗೇ. ಆದರೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಂ ಯಾವುದೇ ಶಿಕ್ಷಕರು ಖಾಸಗಿ ಪಾಠ ಅಥವಾ ಖಾಸಗಿ ಬೋಧನಾ ಚಟುವಟಿಕೆಯಲ್ಲಿ ತೊಡಗಬಾರದು ಎಂದು ಹೇಳುತ್ತದೆ. ತರಗತಿಯಲ್ಲಿ ಹೇಳದೆ ಉಳಿಸಿದ್ದನ್ನು ಸಂಜೆ ಹಣಕ್ಕೆ ಹೇಳುವ ಪ್ರಲೋಭನೆಯನ್ನು ತಡೆಯುವುದು ಇದರ ಆಶಯ. ತರಗತಿಯ ಶಿಕ್ಷಕರೇ ತಮ್ಮ ಮನೆಪಾಠಕ್ಕೆ ಬರುವಂತೆ ಮಗುವಿಗೆ ಸೂಚಿಸಿದರೆ ಪೋಷಕರು ಒಪ್ಪಬೇಕಾಗಿಲ್ಲ.

ಈ ಐದರಲ್ಲಿ ಯಾವುದೂ ತಾನಾಗಿ ಶ್ರೇಷ್ಠವಲ್ಲ, ಯಾವುದೂ ತಾನಾಗಿ ಕನಿಷ್ಠವೂ ಅಲ್ಲ. ಹಿನ್ನೆಲೆಯು ಬೋಧಕರ ವಿಷಯ ಜ್ಞಾನವನ್ನು ಸೂಚಿಸುತ್ತದೆ. ಕಲಿಸುವ ಬಗೆಯನ್ನು ಸೂಚಿಸುವುದಿಲ್ಲ.

ಬೋಧನಾ ವಿಧಾನ: ನಾಲ್ಕು ಕೆಲಸಗಳು, ಒಂದೇ ಹೆಸರು

‘ಟ್ಯೂಷನ್’ ಎಂಬ ಒಂದೇ ಹೆಸರಿನಡಿಯಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಮೊದಲನೆಯದು, ಶಾಲೆಯಲ್ಲಿ ಕೊಟ್ಟ ಹೋಂವರ್ಕ್ ಮಾಡಿಸುವುದು. ಎರಡನೆಯದು, ಶಾಲೆಯಲ್ಲಿ ನಡೆದ ಪಾಠವನ್ನೇ ಇನ್ನೊಮ್ಮೆ ಹೇಳುವುದು. ಮೂರನೆಯದು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಪರೀಕ್ಷೆಗೆ ಸಜ್ಜುಗೊಳಿಸುವುದು. ನಾಲ್ಕನೆಯದು, ಹಿಂದಿನ ತರಗತಿಗಳಲ್ಲಿ ಬಿಟ್ಟುಹೋದದ್ದನ್ನು ಹುಡುಕಿ ಬುಡದಿಂದ ಕಟ್ಟುವುದು.

ಪೋಷಕರಿಗೆ ಬೇಕಾಗಿರುವುದು ಒಂದು, ದೊರೆಯುತ್ತಿರುವುದು ಇನ್ನೊಂದು ಎಂಬ ಅಸಮಾಧಾನಕ್ಕೆ ಈ ಗೊಂದಲವೇ ಮುಖ್ಯ ಕಾರಣ. ಒಂಬತ್ತನೇ ತರಗತಿಯ ಮಗು ಬೀಜಗಣಿತದಲ್ಲಿ ಹಿಂದುಳಿದಿದೆ ಎಂದುಕೊಳ್ಳೋಣ. ಅದರ ನಿಜವಾದ ತೊಡಕು ಐದನೇ ತರಗತಿಯ ಭಿನ್ನರಾಶಿಯಲ್ಲಿ ಇರಬಹುದು. ಬೀಜಗಣಿತವನ್ನೇ ಹತ್ತು ಬಾರಿ ಹೇಳಿದರೂ ಆ ತೊಡಕು ಬಿಡಿಸಿಕೊಳ್ಳದು.

ಒಂದು ಉದಾಹರಣೆಯನ್ನು ನೋಡಬಹುದು. 1/2ಕ್ಕೆ 1/3ನ್ನು ಕೂಡಿಸು ಎಂದಾಗ ಮಗು 2/5 ಎಂದು ಬರೆಯುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ಒಬ್ಬ ಬೋಧಕರು ‘ತಪ್ಪು, ಲ.ಸಾ.ಅ. ತೆಗೆ’ ಎಂದು ಹೇಳಿ ಸರಿಯಾದ ಉತ್ತರ 5/6ನ್ನು ಬರೆಸುತ್ತಾರೆ. ಇನ್ನೊಬ್ಬರು ‘ಅರ್ಧ ಹೋಳಿಗೆ ತಟ್ಟೆಯಲ್ಲಿದೆ, ಅದಕ್ಕೆ ಇನ್ನೊಂದು ಚೂರು ಹಾಕಿದೆ. ಈಗ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ?’ ಎಂದು ಕೇಳುತ್ತಾರೆ. ಮಗು ‘ಜಾಸ್ತಿ’ ಎನ್ನುತ್ತದೆ. ‘ಹಾಗಾದರೆ ನೀನು ಬರೆದ 2/5 ಅರ್ಧಕ್ಕಿಂತ ಜಾಸ್ತಿಯೋ?’ ಎಂಬ ಮರುಪ್ರಶ್ನೆಗೆ ಮಗು ತನ್ನ ಉತ್ತರವನ್ನು ತಾನೇ ಅನುಮಾನಿಸತೊಡಗುತ್ತದೆ. ಅಲ್ಲಿಂದಾಚೆಗೆ ಲ.ಸಾ.ಅ. ಯಾಕೆ ಬೇಕು ಎಂಬುದು ಅದಕ್ಕೆ ಅರ್ಥವಾಗುತ್ತದೆ. ಇಬ್ಬರ ಪದವಿಯೂ ಒಂದೇ ಆಗಿರಬಹುದು, ಅನುಭವದ ವರ್ಷಗಳೂ ಒಂದೇ ಆಗಿರಬಹುದು. ವ್ಯತ್ಯಾಸ ಇರುವುದು ತಪ್ಪನ್ನು ನೋಡುವ ರೀತಿಯಲ್ಲಿ.

ಒಬ್ಬರಿಗೊಬ್ಬರು ಕುಳಿತು ಕಲಿಸುವ ಪಾಠದ ಪರಿಣಾಮವನ್ನು ಜಗತ್ತಿನ ಶಿಕ್ಷಣ ತಜ್ಞರು ಬಹಳ ಕಾಲದಿಂದ ಅಧ್ಯಯನ ಮಾಡಿದ್ದಾರೆ. ಅಮೆರಿಕದ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂತಹ ಪಾಠ ಪಡೆದ ಸಾಮಾನ್ಯ ವಿದ್ಯಾರ್ಥಿ ಸಾಂಪ್ರದಾಯಿಕ ತರಗತಿಯ ಬಹುಪಾಲು ವಿದ್ಯಾರ್ಥಿಗಳನ್ನು ಮೀರಿಸಬಲ್ಲ ಎಂದು ಹೇಳಿದ್ದರು. ಕರ್ಟ್ ವ್ಯಾನ್‌ಲೆನ್ 2011ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ಆ ಪರಿಣಾಮ ಬ್ಲೂಮ್ ಹೇಳಿದ್ದರ ಅರ್ಧಕ್ಕೂ ಕಡಿಮೆ ಎಂದು ಕಂಡುಬಂತು. ಆದರೂ ಅದು ಅಲಕ್ಷಿಸುವಂತಹದ್ದಲ್ಲ. ಮಗು ಹೆಜ್ಜೆಹೆಜ್ಜೆಗೂ ಮಾಡುವ ತಪ್ಪಿಗೆ ಆಗಿಂದಾಗ್ಗೆ ದೊರೆಯುವ ಪ್ರತಿಕ್ರಿಯೆಯೇ ಇಂತಹ ಪಾಠದ ಶಕ್ತಿ. ನಲವತ್ತು ಮಕ್ಕಳನ್ನು ಒಂದು ಹಾಲ್‌ನಲ್ಲಿ ಕೂರಿಸಿ ಬೋರ್ಡಿನ ಮೇಲೆ ಬರೆಯುತ್ತ ಹೋದರೆ ಆ ಶಕ್ತಿ ಉಳಿಯುವುದಿಲ್ಲ, ಶುಲ್ಕ ಮಾತ್ರ ಉಳಿಯುತ್ತದೆ.

ಅಕ್ಕೂರಿನಂತಹ ಊರಿನಲ್ಲಿ

ನಗರದ ಪೋಷಕರಿಗೆ ಬೋಧಕರ ಪರಿಚಯಪತ್ರವೇ ಮೊದಲ ಆಧಾರ. ಹಳ್ಳಿಗಳಲ್ಲಿ ಪರಿಸ್ಥಿತಿ ಬೇರೆ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣ ಬೊಂಬೆಗಳಿಗೆ ಹೆಸರಾದ ಪಟ್ಟಣ. ಅದೇ ತಾಲ್ಲೂಕಿನ ಅಕ್ಕೂರಿನಂತಹ ಊರುಗಳಲ್ಲಿ ಪಾಠ ಹೇಳುವವರು ಯಾರ ಮಗ, ಯಾರ ಸೊಸೆ ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಪರಿಚಯದ ಚೀಟಿ ಅಲ್ಲಿ ಅನಗತ್ಯ. ಆದರೆ ಮನೆತನದ ಪರಿಚಯ ಪಾಠದ ಪರಿಚಯ ಅಲ್ಲ. ಸಂಕೋಚದಿಂದ ಯಾರೂ ಪ್ರಶ್ನೆ ಕೇಳದೆ ಹೋಗುವುದು ಹಳ್ಳಿಯ ತೊಡಕಾದರೆ, ಅಚ್ಚಾದದ್ದನ್ನು ನಂಬಿ ಪ್ರಶ್ನೆ ಕೇಳದೆ ಹೋಗುವುದು ನಗರದ ತೊಡಕು.

ಇಂತಹ ಊರಿನ ಮಗುವಿಗೆ ಮನೆಪಾಠದ ಅಗತ್ಯ ಬಹಳ ಸಲ ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ತೀವ್ರವಾಗುತ್ತದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಪಿಯುಸಿ ವಿಜ್ಞಾನಕ್ಕೆ ಸೇರಿದ ಕೂಡಲೇ ಇಂಗ್ಲಿಷ್ ಪಠ್ಯವನ್ನು ಎದುರಿಸಬೇಕು. ವರ್ಗಸಮೀಕರಣ ಗೊತ್ತಿರುವ ಮಗುವಿಗೆ ‘ಕ್ವಾಡ್ರಾಟಿಕ್ ಈಕ್ವೇಷನ್’ ಅಪರಿಚಿತ. ದ್ಯುತಿಸಂಶ್ಲೇಷಣೆಯನ್ನು ಸೊಗಸಾಗಿ ವಿವರಿಸುವ ಹುಡುಗಿ ‘ಫೋಟೋಸಿಂಥೆಸಿಸ್’ ಎಂಬ ಪದದ ಮುಂದೆ ಮೌನವಾಗುತ್ತಾಳೆ. ಇಲ್ಲಿ ಕೊರತೆ ಇರುವುದು ಬುದ್ಧಿಯಲ್ಲಿ ಅಲ್ಲ, ಪದಗಳಲ್ಲಿ. ಎರಡೂ ಭಾಷೆಯ ಪಾರಿಭಾಷಿಕ ಪದಗಳನ್ನು ಅಕ್ಕಪಕ್ಕದಲ್ಲಿಟ್ಟು ಕಲಿಸಬಲ್ಲ ಬೋಧಕರು ಈ ಮಕ್ಕಳಿಗೆ ಬೇಕು. ‘ಇಂಗ್ಲಿಷ್‌ನಲ್ಲಿ ನಿರರ್ಗಳವಾಗಿ ಬೋಧಿಸುತ್ತೇನೆ’ ಎಂಬ ಪರಿಚಯಕ್ಕಿಂತ ‘ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳು ಎರಡೂ ಭಾಷೆಯಲ್ಲಿ ಹೇಳುತ್ತೇನೆ’ ಎಂಬ ಪರಿಚಯ ಅವರಿಗೆ ಹೆಚ್ಚು ಉಪಯುಕ್ತ.

ಸುತ್ತಲಿನ ಬದುಕು ಪಾಠಕ್ಕೆ ಒದಗುವ ರೀತಿಯನ್ನೂ ಗಮನಿಸಬಹುದು. ರೇಷ್ಮೆ ಬೆಳೆಯುವ ಮನೆಯ ಮಗುವಿಗೆ ಶೇಕಡಾ ಲೆಕ್ಕವನ್ನು ಗೂಡಿನ ತೂಕ ಮತ್ತು ರಾಮನಗರ ಮಾರುಕಟ್ಟೆಯ ದರದಿಂದ ಹೇಳಿಕೊಡಬಹುದು. ಬೊಂಬೆ ಕಡೆಯುವ ಕುಟುಂಬದ ಮಗುವಿಗೆ ವೃತ್ತದ ವ್ಯಾಸ, ಪರಿಧಿಗಳ ಸಂಬಂಧವನ್ನು ಅರಗಿನ ಬಣ್ಣ ಹಚ್ಚಿದ ಬಳೆಗೆ ದಾರ ಸುತ್ತಿ ತೋರಿಸಬಹುದು. ಸರ್ಕಾರಿ ಶಾಲೆಗಳ ‘ನಲಿ–ಕಲಿ’ ಪದ್ಧತಿ 1995ರ ಸುಮಾರಿಗೆ ಎಚ್.ಡಿ. ಕೋಟೆಯಲ್ಲಿ ಆರಂಭವಾದಾಗಲೂ ಮಗು ತನ್ನ ವೇಗದಲ್ಲಿ, ಚಟುವಟಿಕೆಗಳ ಮೂಲಕ ಕಲಿಯಬೇಕೆಂಬುದೇ ಅದರ ತಿರುಳಾಗಿತ್ತು. ಕೊರೊನಾ ಕಾಲದಲ್ಲಿ, 2020ರಲ್ಲಿ, ರಾಜ್ಯ ಸರ್ಕಾರ ‘ವಿದ್ಯಾಗಮ’ ಯೋಜನೆಯಡಿ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿತು. ದೇವಸ್ಥಾನದ ಅಂಗಳ, ಮರದ ನೆರಳು, ಮನೆಯ ಜಗಲಿಗಳಲ್ಲಿ ಚಿಕ್ಕ ಗುಂಪುಗಳಿಗೆ ಪಾಠ ನಡೆಯಿತು. ಚಿಕ್ಕ ಗುಂಪು, ಹತ್ತಿರದ ಗಮನ ಎಂಬ ಮನೆಪಾಠದ ಗುಣವನ್ನು ಸಾರ್ವಜನಿಕ ಶಿಕ್ಷಣವೂ ಅಳವಡಿಸಿಕೊಳ್ಳಬಹುದೆಂಬುದಕ್ಕೆ ಅದೊಂದು ನಿದರ್ಶನ.

ಪರಿಚಯದ ಮಾತುಗಳನ್ನು ಓದುವುದು ಹೇಗೆ?

‘ಶೇ 100 ಫಲಿತಾಂಶ’: ಎಷ್ಟು ಮಕ್ಕಳಲ್ಲಿ ಎಂದು ಕೇಳಬೇಕು. ಮೂವರಲ್ಲಿ ಮೂವರು ತೇರ್ಗಡೆಯಾದರೂ ಅದು ಶೇ 100. ದುರ್ಬಲ ಮಕ್ಕಳನ್ನು ಸೇರಿಸಿಕೊಳ್ಳದೆಯೂ ಅದನ್ನು ಸಾಧಿಸಬಹುದು. ಪರೀಕ್ಷಾ ಕೊಠಡಿಯ ಬಿಗಿಯೂ ಫಲಿತಾಂಶವನ್ನು ಬದಲಿಸುತ್ತದೆ. ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು, ವೆಬ್‌ಕಾಸ್ಟಿಂಗ್ ಕಣ್ಗಾವಲು ಜಾರಿಯಾದ 2024ರಲ್ಲಿ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು.

‘15 ವರ್ಷಗಳ ಅನುಭವ’: ಯಾವ ತರಗತಿ, ಯಾವ ವಿಷಯ, ಯಾವ ಮಾಧ್ಯಮ ಎಂಬುದು ಮುಖ್ಯ. ಸಿಬಿಎಸ್‌ಇ ಮಕ್ಕಳಿಗೆ ಕಲಿಸಿದ ಅನುಭವ ರಾಜ್ಯ ಪಠ್ಯಕ್ರಮಕ್ಕೆ ಪೂರ್ತಿಯಾಗಿ ಒದಗದಿರಬಹುದು.

‘ವೈಯಕ್ತಿಕ ಗಮನ’: ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಒಂದೇ ಬ್ಯಾಚಿನಲ್ಲಿ ಎಷ್ಟು ತರಗತಿಯವರು ಎಂದು ವಿಚಾರಿಸಬೇಕು. ಸಂಖ್ಯೆ ಹೇಳಲು ಹಿಂಜರಿದರೆ ಅದೇ ಉತ್ತರ.

‘ನಮ್ಮ ರ್‍ಯಾಂಕ್ ವಿಜೇತರು’: ಆ ವಿದ್ಯಾರ್ಥಿ ಇಡೀ ವರ್ಷ ಕಲಿತನೇ, ಕೇವಲ ಅಣಕು ಪರೀಕ್ಷೆ ಬರೆದನೇ ಎಂಬುದನ್ನು ತಿಳಿಯಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕೋಚಿಂಗ್ ಕೇಂದ್ರಗಳು ಜಾಹೀರಾತಿನಲ್ಲಿ ಯಶಸ್ವಿ ಅಭ್ಯರ್ಥಿಯ ರ್‍ಯಾಂಕ್ ಜತೆಗೆ ಆತ ಪಡೆದ ಕೋರ್ಸ್ ಯಾವುದು, ಅದಕ್ಕೆ ಶುಲ್ಕ ಕೊಟ್ಟಿದ್ದನೇ ಎಂಬುದನ್ನೂ ತಿಳಿಸಬೇಕು. ಆಯ್ಕೆಯಾದ ನಂತರ ಪಡೆದ ಲಿಖಿತ ಒಪ್ಪಿಗೆ ಇಲ್ಲದೆ ವಿದ್ಯಾರ್ಥಿಯ ಹೆಸರು, ಚಿತ್ರ ಬಳಸುವಂತಿಲ್ಲ.

ಪರಿಚಯ ಎಷ್ಟೇ ಆಕರ್ಷಕವಾಗಿದ್ದರೂ ಅದು ಪಾಠಕ್ಕೆ ಭರವಸೆಯಲ್ಲ ಎಂಬುದಕ್ಕೆ ದೊಡ್ಡ ನಿದರ್ಶನ ಬೆಂಗಳೂರಿನಲ್ಲೇ ಇದೆ. ಗೆಳೆಯರಿಗೆ ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆಯ ಪಾಠ ಹೇಳುತ್ತ ಬೋಧಕರಾದ ಬೈಜು ರವೀಂದ್ರನ್ ಕಟ್ಟಿದ ‘ಬೈಜೂಸ್’ ಸಂಸ್ಥೆ ದೇಶದ ಅತಿದೊಡ್ಡ ಆನ್‌ಲೈನ್ ಬೋಧನಾ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು. 2024ರ ಜುಲೈನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ಅದರ ವಿರುದ್ಧದ ದಿವಾಳಿ ಅರ್ಜಿಯನ್ನು ಅಂಗೀಕರಿಸಿತು.

ಪೋಷಕರು ಕೇಳಬೇಕಾದ ಆರು ಪ್ರಶ್ನೆಗಳು

1. ಮೊದಲ ವಾರ ನೀವು ಏನು ಮಾಡುತ್ತೀರಿ? ಮಗುವಿನ ಹಳೆಯ ನೋಟ್‌ಪುಸ್ತಕ, ಉತ್ತರ ಪತ್ರಿಕೆಗಳನ್ನು ನೋಡುತ್ತೇನೆ ಎಂಬ ಉತ್ತರ ಬಂದರೆ ಅದು ಶುಭಸೂಚನೆ. ‘ಮೊದಲ ಅಧ್ಯಾಯದಿಂದ ಶುರು ಮಾಡುತ್ತೇನೆ’ ಎಂದರೆ ಇನ್ನಷ್ಟು ವಿಚಾರಿಸಬೇಕು.

2. ಒಂದು ಗಂಟೆಯ ಪಾಠದಲ್ಲಿ ನೀವು ಎಷ್ಟು ಹೊತ್ತು ಮಾತನಾಡುತ್ತೀರಿ, ಮಗು ಎಷ್ಟು ಹೊತ್ತು ಬರೆಯುತ್ತದೆ ಅಥವಾ ಹೇಳುತ್ತದೆ?

3. ಮಗು ತಪ್ಪು ಮಾಡಿದಾಗ ಏನು ಮಾಡುತ್ತೀರಿ? ಬೈಗುಳ, ಹೊಡೆತ, ಇತರ ಮಕ್ಕಳ ಮುಂದೆ ಹೋಲಿಕೆ ಇವು ಬೋಧನಾ ವಿಧಾನಗಳಲ್ಲ.

4. ಪ್ರಗತಿಯನ್ನು ಹೇಗೆ, ಎಷ್ಟು ದಿನಕ್ಕೊಮ್ಮೆ ತಿಳಿಸುತ್ತೀರಿ?

5. ನಿಮಗೆ ಬಾರದ ವಿಷಯ ಯಾವುದು? ಈ ಪ್ರಶ್ನೆಗೆ ನೇರವಾಗಿ ಉತ್ತರಿಸುವವರನ್ನು ನಂಬಬಹುದು.

6. ಶುಲ್ಕ ಎಷ್ಟು, ಯಾವಾಗ, ನಡುವೆ ಬಿಟ್ಟರೆ ಹಣ ಮರಳಿ ಬರುತ್ತದೆಯೇ? ಇಡೀ ವರ್ಷದ ಹಣವನ್ನು ಒಮ್ಮೆಲೇ ಕೊಡುವುದಕ್ಕಿಂತ ತಿಂಗಳಿಗೊಮ್ಮೆ ಕೊಟ್ಟು ರಸೀದಿ ಪಡೆಯುವುದು ಕ್ಷೇಮ.

ಒಂದೆರಡು ದಿನ ಪ್ರಾಯೋಗಿಕವಾಗಿ ಕಳುಹಿಸಿ, ‘ಇವತ್ತು ಏನು ಕಲಿತೆ, ನನಗೆ ಹೇಳಿಕೊಡು’ ಎಂದು ಮಗುವನ್ನೇ ಕೇಳುವುದು ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚಿನ ಮಾಹಿತಿಯನ್ನು ನೀಡುತ್ತದೆ.

ಕಾನೂನು ಏನು ಹೇಳುತ್ತದೆ?

1995ರಲ್ಲಿ ಜಾರಿಗೆ ಬಂದ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯು ಟ್ಯುಟೋರಿಯಲ್ ಸಂಸ್ಥೆಗಳ ನೋಂದಣಿಗೆ ಅವಕಾಶ ಕಲ್ಪಿಸಿದೆ. ಅದರಡಿ 2001ರಲ್ಲಿ ನೋಂದಣಿ ಮತ್ತು ನಿಯಂತ್ರಣ ನಿಯಮಗಳನ್ನೂ ರೂಪಿಸಲಾಯಿತು. ಸಂಸ್ಥೆಯಾಗಿ ನಡೆಸುವವರು ನೋಂದಣಿ ಮಾಡಿಸಿರುವರೇ ಎಂದು ಪೋಷಕರು ಕೇಳಬಹುದು.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳ ಬಗ್ಗೆ ರಾಜ್ಯಗಳಿಗೆ ಮಾದರಿ ಮಾರ್ಗಸೂಚಿ ಕಳುಹಿಸಿತು. 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳಿಗೆ ಇದು ಸಂಬಂಧಿಸಿದೆ. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಬೋಧಕರು ಕನಿಷ್ಠ ಪದವೀಧರರಾಗಿರಬೇಕು, ರ್‍ಯಾಂಕ್ ಅಥವಾ ಅಂಕಗಳ ಭರವಸೆ ನೀಡಬಾರದು, ದಿನಕ್ಕೆ ಐದು ಗಂಟೆ ಮೀರಿ ತರಗತಿ ನಡೆಸಬಾರದು, ಪ್ರತಿ ವಿದ್ಯಾರ್ಥಿಗೆ ಕನಿಷ್ಠ ಒಂದು ಚದರ ಮೀಟರ್ ಸ್ಥಳ ಇರಬೇಕು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳಲ್ಲಿ ಮರಳಿಸಬೇಕು ಎಂಬುವು ಅದರ ಮುಖ್ಯ ಅಂಶಗಳು. ಮನೆಯಲ್ಲಿ ಐದಾರು ಮಕ್ಕಳಿಗೆ ಪಾಠ ಹೇಳುವವರು ಈ ಮಾರ್ಗಸೂಚಿಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಪೋಷಕರ ಎಚ್ಚರವೇ ನಿಯಂತ್ರಣ.

ಪೂರ್ಣ ನಿಷೇಧದಿಂದ ಮನೆಪಾಠ ನಿಲ್ಲುವುದಿಲ್ಲ ಎಂಬುದನ್ನು ಬೇರೆ ದೇಶಗಳ ಅನುಭವ ತೋರಿಸಿದೆ. ದಕ್ಷಿಣ ಕೊರಿಯಾ 1980ರಲ್ಲಿ ಖಾಸಗಿ ಪಾಠವನ್ನು ನಿಷೇಧಿಸಿತು. 2000ದಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ನಿಷೇಧವನ್ನು ರದ್ದುಪಡಿಸಿತು. ಚೀನಾ 2021ರಲ್ಲಿ ಶಾಲಾ ವಿಷಯಗಳ ಲಾಭದಾಯಕ ಪಾಠದ ಮೇಲೆ ಕಠಿಣ ನಿರ್ಬಂಧ ಹೇರಿತು.

ಮಗುವಿನ ಸುರಕ್ಷತೆಯ ವಿಷಯದಲ್ಲಿ ರಾಜಿ ಕೂಡದು. ಪಾಠ ನಡೆಯುವ ಕೋಣೆಯ ಬಾಗಿಲು ತೆರೆದಿರಬೇಕು, ಪೋಷಕರು ಯಾವಾಗ ಬೇಕಾದರೂ ಬರುವಂತಿರಬೇಕು. ಪಾಠಕ್ಕೆ ಹೋಗಲಾರೆ ಎಂದು ಮಗು ಏಕಾಏಕಿ ಹಟ ಹಿಡಿದರೆ ಅದನ್ನು ಸೋಮಾರಿತನ ಎಂದು ತಳ್ಳಿಹಾಕದೆ ಕಾರಣ ವಿಚಾರಿಸಬೇಕು. ತೊಂದರೆಯ ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಬೋಧಕರಿಗೊಂದು ಮಾದರಿ

ಇದುವರೆಗಿನ ಮಾತು ಪ್ರಾಮಾಣಿಕ ಬೋಧಕರಿಗೂ ಸಂಬಂಧಿಸಿದ್ದು. ದೊಡ್ಡ ಪದವಿ ಇಲ್ಲದ, ಆದರೆ ಚೆನ್ನಾಗಿ ಕಲಿಸಬಲ್ಲ ಅನೇಕರು ‘ಶೇ 100’ರ ಅಬ್ಬರದಲ್ಲಿ ಕಾಣದೆ ಹೋಗುತ್ತಾರೆ. ಅಂಥವರು ತಮ್ಮ ಪರಿಚಯವನ್ನು ಹೀಗೆ ಬರೆದುಕೊಳ್ಳಬಹುದು:

‘ನಾನು ಬಿ.ಎಸ್ಸಿ. ಪದವೀಧರೆ. 6ರಿಂದ 10ನೇ ತರಗತಿಯವರಿಗೆ ರಾಜ್ಯ ಪಠ್ಯಕ್ರಮದ ಗಣಿತ ಮತ್ತು ವಿಜ್ಞಾನ ಮಾತ್ರ ಹೇಳಿಕೊಡುತ್ತೇನೆ. ಒಂದು ಬ್ಯಾಚಿಗೆ ಆರು ಮಕ್ಕಳು. ಮೊದಲ ವಾರ ಹಿಂದಿನ ತರಗತಿಗಳ ಲೆಕ್ಕ ಕೊಟ್ಟು ಮಗು ಎಲ್ಲಿ ನಿಂತಿದೆ ಎಂದು ನೋಡಿ, ಅದನ್ನು ಬರೆದು ಪೋಷಕರಿಗೆ ಕೊಡುತ್ತೇನೆ. ಹೋಂವರ್ಕ್ ಮಾಡಿಸುವುದಿಲ್ಲ. ಬಾರದ ಲೆಕ್ಕವನ್ನು ಮಗುವಿನಿಂದಲೇ ಮಾಡಿಸುತ್ತೇನೆ. ತಿಂಗಳಿಗೊಮ್ಮೆ ಪೋಷಕರ ಜತೆ ಮಾತನಾಡುತ್ತೇನೆ. ಅಂಕಗಳ ಭರವಸೆ ನೀಡುವುದಿಲ್ಲ.’

ಈ ಪರಿಚಯದಲ್ಲಿ ರ್‍ಯಾಂಕ್ ಇಲ್ಲ, ಅನುಭವದ ವರ್ಷಗಳೂ ಇಲ್ಲ. ಆದರೆ ಪೋಷಕರು ಮುಂದೆ ಪರಿಶೀಲಿಸಬಹುದಾದ ಸಂಗತಿಗಳು ಸಾಲುಸಾಲಾಗಿವೆ. ಆರು ಮಕ್ಕಳು ಎಂದದ್ದು ಹತ್ತಾಯಿತೇ, ಮೊದಲ ವಾರದ ಟಿಪ್ಪಣಿ ಕೈಗೆ ಬಂತೇ, ತಿಂಗಳ ಮಾತುಕತೆ ನಡೆಯಿತೇ ಎಂದು ಯಾರು ಬೇಕಾದರೂ ನೋಡಬಹುದು.

ಮೂರು ತಿಂಗಳ ನಂತರ

ಮನೆಪಾಠಕ್ಕೆ ಸೇರಿಸಿದ ಮೇಲೆ ಮೂರು ತಿಂಗಳಿಗೊಮ್ಮೆ ಮಗುವಿನ ನೋಟ್‌ಪುಸ್ತಕವನ್ನು ಶಾಂತವಾಗಿ ಕುಳಿತು ನೋಡಬೇಕು. ಪ್ರತಿ ಪುಟವೂ ತಪ್ಪಿಲ್ಲದೆ, ಬೋರ್ಡಿನಿಂದ ನಕಲು ಮಾಡಿದಂತೆ ಅಚ್ಚುಕಟ್ಟಾಗಿದ್ದರೆ ಸಂತೋಷಪಡುವ ಮುನ್ನ ಯೋಚಿಸಬೇಕು. ಮಗು ತಾನೇ ಬರೆದು, ತಪ್ಪಿ, ಹೊಡೆದುಹಾಕಿ, ಮತ್ತೆ ಬರೆದ ಗುರುತುಗಳಿದ್ದರೆ, ಅದೇ ತಪ್ಪು ಮುಂದಿನ ಪುಟಗಳಲ್ಲಿ ಕಡಿಮೆಯಾಗುತ್ತ ಹೋಗಿದ್ದರೆ ಅಲ್ಲಿ ಕಲಿಕೆ ನಡೆಯುತ್ತಿದೆ ಎಂದು ತಿಳಿಯಬಹುದು. ಶಾಲೆಯ ಶಿಕ್ಷಕರ ಅಭಿಪ್ರಾಯವನ್ನೂ ಕೇಳಬೇಕು. ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳಿ ತಿಳಿಯುವುದು ಪ್ರತಿ ಮಗುವಿನ ಹಕ್ಕು, ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಒಳ್ಳೆಯ ಮನೆಪಾಠಕ್ಕೆ ಒಂದು ಕೊನೆ ಇರುತ್ತದೆ. ಬಿಟ್ಟುಹೋದದ್ದು ತುಂಬಿದ ಮೇಲೆ ಮಗು ತಾನೇ ಪುಸ್ತಕ ತೆರೆದು ಓದಲು ಆರಂಭಿಸುತ್ತದೆ. ಆ ದಿನ ಬಂದಾಗ ‘ಇನ್ನು ನನ್ನ ಅಗತ್ಯವಿಲ್ಲ’ ಎಂದು ಹೇಳಬಲ್ಲ ಮೇಷ್ಟ್ರು ಸಿಕ್ಕರೆ, ಅವರ ಹೆಸರನ್ನು ನೆರೆಮನೆಯವರಿಗೂ ಹೇಳುವುದು ಪೋಷಕರ ಕರ್ತವ್ಯ.